ಮನೆಯ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಎಡ್ಜ್‌ಗೆ ಕಡಿವಾಣ ಹಾಕುವುದು ಹೇಗೆ

ಮನೆಮಂದಿಯೆಲ್ಲ ಕ್ರೋಮನ್ನೋ ಫೈರ್‌ಫಾಕ್ಸನ್ನೋ ಬಳಸುತ್ತಾರೆ. ಆದರೂ ವಿಂಡೋಸ್ ಜೊತೆಗೇ ಬಂದ ಎಡ್ಜ್ ಬ್ರೌಸರ್ ಕರೆಯದೆಯೇ ತೆರೆದುಕೊಳ್ಳುತ್ತದೆ, ಮುಚ್ಚಿದ ಮೇಲೂ ಹಿಂದೆ ಓಡುತ್ತಿರುತ್ತದೆ, ಅಪ್‌ಡೇಟ್ ಆದಾಗಲೆಲ್ಲ ‘ನನ್ನನ್ನೇ ಬಳಸಿ’ ಎಂದು ಕೇಳುತ್ತದೆ. ಇವಕ್ಕೆ ಒಂದೇ ಮದ್ದಿಲ್ಲ, ಏಕೆಂದರೆ ಒಂದೊಂದರ ಮೂಲವೂ ಬೇರೆ. ಡೀಫಾಲ್ಟ್ ಬ್ರೌಸರ್ ಬದಲಿಸಿ ಸುಮ್ಮನಾದವರಿಗೆ ಅರ್ಧ ತೊಂದರೆ ಹಾಗೆಯೇ ಉಳಿಯುವುದು ಇದೇ ಕಾರಣಕ್ಕೆ. ಇಲ್ಲಿನ ಕ್ರಮ ವಿಂಡೋಸ್ 11ರ ಹೋಮ್ ಆವೃತ್ತಿಗೆ ಹೊಂದುವಂತಿದೆ. ವಿಂಡೋಸ್ 10ರಲ್ಲಿ ಬೇರೆ ಇರುವುದನ್ನು ಅಲ್ಲಲ್ಲೇ ಹೇಳಿದೆ.

ಕಿತ್ತುಹಾಕಲು ಹೋಗಬೇಡಿ

ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಇನ್‌ಸ್ಟಾಲ್ಡ್ ಆ್ಯಪ್ಸ್‌ಗೆ ಹೋದರೆ ಎಡ್ಜ್‌ನ ಅನ್‌ಇನ್‌ಸ್ಟಾಲ್ ಬಟನ್ ನಮ್ಮ ದೇಶದ ಕಂಪ್ಯೂಟರುಗಳಲ್ಲಿ ಕೆಲಸ ಮಾಡುವುದಿಲ್ಲ. ಯುರೋಪಿನಲ್ಲಿ ಮಾತ್ರ ಪರಿಸ್ಥಿತಿ ಬೇರೆ. ಅಲ್ಲಿನ ಡಿಜಿಟಲ್ ಮಾರ್ಕೆಟ್ಸ್ ಕಾಯ್ದೆಯಿಂದಾಗಿ 2024ರ ಮಾರ್ಚ್‌ನಿಂದ ಎಡ್ಜನ್ನು ತೆಗೆಯುವ ಅವಕಾಶ ಕೊಡಲಾಗಿದೆ. ಜರ್ಮನಿಯಲ್ಲೋ ನೆದರ್‌ಲೆಂಡ್ಸ್‌ನಲ್ಲೋ ಇರುವ ಕನ್ನಡಿಗರು, ಕಂಪ್ಯೂಟರನ್ನು ಮೊದಲ ಸಲ ಸೆಟಪ್ ಮಾಡುವಾಗ ಆ ದೇಶವನ್ನೇ ಆರಿಸಿದ್ದರೆ, ನೇರವಾಗಿ ತೆಗೆದುಬಿಡಬಹುದು. ಇಲ್ಲಿ ಕೂತು ಆಮೇಲೆ ರೀಜನ್ ಬದಲಿಸಿದರೆ ಪ್ರಯೋಜನವಿಲ್ಲ. ವಿಂಡೋಸ್ ನೋಡುವುದು ಮೊದಲ ಸೆಟಪ್‌ನಲ್ಲಿ ಆರಿಸಿದ ದೇಶವನ್ನು. ಅದನ್ನು ಬದಲಿಸಬೇಕೆಂದರೆ ಇಡೀ ಕಂಪ್ಯೂಟರನ್ನು ರೀಸೆಟ್ ಮಾಡಬೇಕು.

ಪ್ರೋಗ್ರಾಂ ಫೈಲ್ಸ್ ಒಳಗಿನ ಎಡ್ಜ್ ಫೋಲ್ಡರನ್ನು ಅಳಿಸುವುದು, ಅದರ ಹೆಸರು ಬದಲಿಸುವುದು, ಕಮಾಂಡ್ ಪ್ರಾಂಪ್ಟಿನಿಂದ ಬಲವಂತವಾಗಿ ತೆಗೆಯುವುದು, ಯಾರೋ ಬರೆದ ‘ರಿಮೂವರ್’ ಸ್ಕ್ರಿಪ್ಟ್ ಓಡಿಸುವುದು, ಇವೆಲ್ಲವನ್ನೂ ಬಿಟ್ಟುಬಿಡಿ. ಹಾಗೆ ತೆಗೆದದ್ದು ಮುಂದಿನ ಅಪ್‌ಡೇಟ್‌ನಲ್ಲಿ ಮರಳಿ ಬರುತ್ತದೆ, ಬರುವಾಗ ನಿಮ್ಮ ಹಳೆಯ ಸೆಟ್ಟಿಂಗ್‌ಗಳನ್ನು ಕಳೆದುಕೊಂಡಿರಲೂಬಹುದು. ಅದಕ್ಕಿಂತ ದೊಡ್ಡ ಅಪಾಯ ವೆಬ್‌ವ್ಯೂ2 ಎಂಬ ಘಟಕದ್ದು. ಇದು ಬ್ರೌಸರ್ ಅಲ್ಲ. ಹೊಸ ಔಟ್‌ಲುಕ್, ಟೀಮ್ಸ್, ವಿಜೆಟ್ಸ್ ಮತ್ತು ಹೊರಗಿನ ಕಂಪನಿಗಳ ಎಷ್ಟೋ ಪ್ರೋಗ್ರಾಂಗಳು ತಮ್ಮ ಪುಟಗಳನ್ನು ತೋರಿಸಲು ಇದನ್ನೇ ನೆಚ್ಚಿಕೊಂಡಿವೆ. ಸ್ಕ್ರಿಪ್ಟ್ ಇದನ್ನೂ ಅಳಿಸಿದರೆ ಅವು ಖಾಲಿ ಕಿಟಕಿಯಾಗಿ ನಿಲ್ಲುತ್ತವೆ.

ಹಾಗಾಗಿ ಗುರಿ ಇಷ್ಟೇ ಇರಲಿ: ಎಡ್ಜ್ ಇದ್ದಲ್ಲೇ ಇರಲಿ, ಅದರ ಸುರಕ್ಷತಾ ಅಪ್‌ಡೇಟ್‌ಗಳು ಬರುತ್ತಿರಲಿ, ಆದರೆ ಅದು ತಾನಾಗಿ ಎದ್ದು ಬರುವ ದಾರಿಗಳನ್ನೆಲ್ಲ ಮುಚ್ಚೋಣ.

ಮೊದಲು ಮಾಡಿಕೊಳ್ಳಬೇಕಾದ್ದು

ಬೇರೆ ಬ್ರೌಸರ್ ಇನ್‌ಸ್ಟಾಲ್ ಆಗಿ ಚೆನ್ನಾಗಿ ಓಡುತ್ತಿದೆಯೇ ನೋಡಿ. ಎಡ್ಜ್‌ನಲ್ಲಿ ಮನೆಯ ಯಾರಾದರೂ ಪಾಸ್‌ವರ್ಡ್ ಉಳಿಸಿದ್ದಾರೆಯೇ ಎಂದು ಎಲ್ಲರನ್ನೂ ಕೇಳಿ. ಹಿರಿಯರು ಬ್ಯಾಂಕಿನದ್ದನ್ನೋ ವಿದ್ಯುತ್ ಬಿಲ್ಲಿನದ್ದನ್ನೋ ಅಲ್ಲೇ ಉಳಿಸಿಟ್ಟು ಮರೆತಿರುವುದು ಬಹಳ. ಹೊಸ ಬ್ರೌಸರಿನ ಇಂಪೋರ್ಟ್ ಸೌಲಭ್ಯದಿಂದ ಬುಕ್‌ಮಾರ್ಕ್‌ಗಳನ್ನು ತಂದುಕೊಳ್ಳಿ. ಪಾಸ್‌ವರ್ಡ್‌ಗಳು ಬಾರದಿದ್ದರೆ ಎಡ್ಜ್‌ನ ಪಾಸ್‌ವರ್ಡ್ ಪುಟದಿಂದ ಎಕ್ಸ್‌ಪೋರ್ಟ್ ಮಾಡಿ. ಆ ಸಿಎಸ್‌ವಿ ಕಡತದಲ್ಲಿ ಎಲ್ಲ ಪಾಸ್‌ವರ್ಡ್‌ಗಳೂ ಯಾರು ಬೇಕಾದರೂ ಓದುವಂತೆ ಬಿಡಿಬಿಡಿಯಾಗಿ ಇರುತ್ತವೆ. ಕೆಲಸ ಮುಗಿದ ಕೂಡಲೇ ಅದನ್ನು ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿ.

ಮುಂದೆ ರಿಜಿಸ್ಟ್ರಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ, ಮುಟ್ಟುವುದಿದೆ. ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಒಂದು ರಿಸ್ಟೋರ್ ಪಾಯಿಂಟ್ ಇರಲಿ. ಸ್ಟಾರ್ಟ್‌ನಲ್ಲಿ ‘ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್’ ಎಂದು ಹುಡುಕಿ, ಸಿ ಡ್ರೈವಿಗೆ ಪ್ರೊಟೆಕ್ಷನ್ ಆನ್ ಇದೆಯೇ ನೋಡಿ, ಇಲ್ಲದಿದ್ದರೆ ಆನ್ ಮಾಡಿ, ಒಂದು ರಿಸ್ಟೋರ್ ಪಾಯಿಂಟ್ ಮಾಡಿಟ್ಟುಕೊಳ್ಳಿ.

ಡೀಫಾಲ್ಟ್ ಬದಲಿಸುವುದು, ಪಿಡಿಎಫ್ ಮರೆಯದಿರುವುದು

ಸೆಟ್ಟಿಂಗ್ಸ್, ಆ್ಯಪ್ಸ್, ಡೀಫಾಲ್ಟ್ ಆ್ಯಪ್ಸ್. ಪಟ್ಟಿಯಲ್ಲಿ ನಿಮ್ಮ ಬ್ರೌಸರನ್ನು ಆರಿಸಿ, ಮೇಲಿರುವ ‘ಸೆಟ್ ಡೀಫಾಲ್ಟ್’ ಒತ್ತಿ. ವಿಂಡೋಸ್ 11 ಬಂದ ಹೊಸತರಲ್ಲಿ ಈ ಬಟನ್ ಇರಲಿಲ್ಲ, ಒಂದೊಂದು ಕಡತದ ಬಗೆಯನ್ನೂ ಬೇರೆಯಾಗಿ ಬದಲಿಸಬೇಕಿತ್ತು. 2022ರ ಮಾರ್ಚ್‌ನ ಅಪ್‌ಡೇಟ್‌ನಿಂದ ಬಟನ್ ಬಂದಿದೆ. ನಿಮ್ಮಲ್ಲಿ ಕಾಣದಿದ್ದರೆ ವಿಂಡೋಸ್ ಬಹಳ ಹಿಂದೆ ಉಳಿದಿದೆ ಎಂದರ್ಥ, ಮೊದಲು ಅಪ್‌ಡೇಟ್ ಮಾಡಿ.

ಆ ಬಟನ್ ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಕೊಂಡಿಗಳನ್ನೂ ಎಚ್‌ಟಿಎಂ, ಎಚ್‌ಟಿಎಂಎಲ್ ಕಡತಗಳನ್ನೂ ಬದಲಿಸುತ್ತದೆ. ಪಿಡಿಎಫ್ ಎಡ್ಜ್ ಕೈಯಲ್ಲೇ ಉಳಿಯುತ್ತದೆ. ‘ಡೀಫಾಲ್ಟ್ ಬದಲಿಸಿದರೂ ಎಡ್ಜ್ ಬರುತ್ತಿದೆ’ ಎನ್ನುವ ದೂರಿನ ಬಹುಪಾಲು ಇಲ್ಲೇ ಇದೆ: ಆಧಾರ್, ಪಹಣಿ, ಅಂಕಪಟ್ಟಿ, ಬಿಲ್ಲು, ನಾವು ಇಳಿಸಿಕೊಳ್ಳುವುದೆಲ್ಲ ಪಿಡಿಎಫ್. ಅದೇ ಡೀಫಾಲ್ಟ್ ಆ್ಯಪ್ಸ್ ಪುಟದ ಮೇಲಿನ ಹುಡುಕು ಪೆಟ್ಟಿಗೆಯಲ್ಲಿ ಚುಕ್ಕಿ ಸೇರಿಸಿ ಪಿಡಿಎಫ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಬರುವ ಸಾಲನ್ನು ಒತ್ತಿ, ನಿಮಗೆ ಬೇಕಾದ ಪ್ರೋಗ್ರಾಂ ಆರಿಸಿ. ಕ್ರೋಮ್, ಫೈರ್‌ಫಾಕ್ಸ್ ಎರಡೂ ಪಿಡಿಎಫ್ ತೆರೆಯುತ್ತವೆ. ಹಳೆಯ, ಕಡಿಮೆ ರ‍್ಯಾಮ್‌ನ ಕಂಪ್ಯೂಟರಿಗೆ ಸುಮಾತ್ರಾ ಪಿಡಿಎಫ್ ಒಳ್ಳೆಯದು. ಉಚಿತ, ಹಗುರ, ಬೇಗ ತೆರೆಯುತ್ತದೆ. ಎಸ್‌ವಿಜಿ, ಎಂಎಚ್‌ಟಿ ಕಡತಗಳನ್ನು ಬಳಸುವವರು ಅವನ್ನೂ ಹೀಗೆಯೇ ಬದಲಿಸಿಕೊಳ್ಳಬಹುದು.

ಡೀಫಾಲ್ಟಿಗೆ ಬಗ್ಗದ ದಾರಿಗಳು

ವಿಂಡೋಸ್ ಒಳಗಿನ ಕೆಲವು ಕೊಂಡಿಗಳು ಎಚ್‌ಟಿಟಿಪಿಎಸ್ ಎಂದು ಶುರುವಾಗುವುದಿಲ್ಲ. ಅವುಗಳ ತಲೆಗೆ ಮೈಕ್ರೋಸಾಫ್ಟ್ ಹೈಫನ್ ಎಡ್ಜ್ ಎಂಬ ಬೇರೆಯೇ ಹೆಸರಿರುತ್ತದೆ, ಹಾಗಾಗಿ ನೀವು ಆರಿಸಿದ ಬ್ರೌಸರ್ ಯಾವುದೆಂದು ಅವು ಕೇಳುವುದೇ ಇಲ್ಲ. ಇವನ್ನು ಬೇರೆ ಬ್ರೌಸರಿಗೆ ತಿರುಗಿಸಲು ಎಡ್ಜ್‌ಡಿಫ್ಲೆಕ್ಟರ್ ಎಂಬ ಪುಟ್ಟ ಪ್ರೋಗ್ರಾಂ ಇತ್ತು. ವಿಂಡೋಸ್ 11ರಲ್ಲಿ 2021ರ ಕೊನೆಗೆ ಆ ದಾರಿಯನ್ನು ಮುಚ್ಚಲಾಯಿತು. ಇಂಥ ಕೊಂಡಿಗಳನ್ನು ತಿರುಗಿಸಲು ಹೆಣಗುವುದಕ್ಕಿಂತ ಅವು ಕಣ್ಣಿಗೇ ಬೀಳದಂತೆ ಮಾಡುವುದು ಸುಲಭ, ಬಾಳಿಕೆಯೂ ಹೆಚ್ಚು.

ವಿಜೆಟ್ಸ್: ಸೆಟ್ಟಿಂಗ್ಸ್, ಪರ್ಸನಲೈಸೇಶನ್, ಟಾಸ್ಕ್‌ಬಾರ್‌ನಲ್ಲಿ ವಿಜೆಟ್ಸ್ ಆಫ್ ಮಾಡಿ. ವಿಂಡೋಸ್ 10ರಲ್ಲಿ ಟಾಸ್ಕ್‌ಬಾರ್ ಮೇಲೆ ರೈಟ್ ಕ್ಲಿಕ್, ‘ನ್ಯೂಸ್ ಆ್ಯಂಡ್ ಇಂಟರೆಸ್ಟ್ಸ್’, ‘ಟರ್ನ್ ಆಫ್’.

ಸ್ಪಾಟ್‌ಲೈಟ್: ದಿನಕ್ಕೊಂದು ಚಿತ್ರ ಬರುವ ಹಿನ್ನೆಲೆಯ ಮೇಲಿನ ಪುಟ್ಟ ಐಕಾನ್ ಒತ್ತಿದರೆ ಎಡ್ಜ್ ತೆರೆಯುತ್ತದೆ. ಪರ್ಸನಲೈಸೇಶನ್‌ನ ಬ್ಯಾಕ್‌ಗ್ರೌಂಡ್ ಮತ್ತು ಲಾಕ್ ಸ್ಕ್ರೀನ್ ಎರಡರಲ್ಲೂ ‘ಪಿಕ್ಚರ್’ ಆರಿಸಿ.

ಔಟ್‌ಲುಕ್: ಹಳೆಯ ಔಟ್‌ಲುಕ್‌ನಲ್ಲಿ ಫೈಲ್, ಆಪ್ಷನ್ಸ್, ಅಡ್ವಾನ್ಸ್‌ಡ್‌ಗೆ ಹೋಗಿ ‘ಲಿಂಕ್ ಹ್ಯಾಂಡ್ಲಿಂಗ್’ ಎಂಬಲ್ಲಿ ‘ಡೀಫಾಲ್ಟ್ ಬ್ರೌಸರ್’ ಆರಿಸಿ. ಹೊಸ ಔಟ್‌ಲುಕ್‌ನಲ್ಲಿ ಸೆಟ್ಟಿಂಗ್ಸ್‌ನ ಜನರಲ್ ವಿಭಾಗದಲ್ಲಿ ಇದೇ ಆಯ್ಕೆ ಇದೆ.

ಎಫ್1 ಕೀ: ಎಸ್ಕೇಪ್ ಒತ್ತಲು ಹೋಗಿ ಪಕ್ಕದ ಎಫ್1 ಒತ್ತಿದರೆ, ಡೆಸ್ಕ್‌ಟಾಪ್ ಅಥವಾ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿದ್ದಾಗ, ಸಹಾಯ ಪುಟ ಎಡ್ಜ್‌ನಲ್ಲಿ ತೆರೆಯುತ್ತದೆ. ಇದನ್ನು ನಿಲ್ಲಿಸಲು ಮೈಕ್ರೋಸಾಫ್ಟ್‌ನದ್ದೇ ಉಚಿತ ಪವರ್‌ಟಾಯ್ಸ್‌ನ ಕೀಬೋರ್ಡ್ ಮ್ಯಾನೇಜರಿನಲ್ಲಿ ಎಫ್1 ಕೀಯನ್ನು ‘ಡಿಸೇಬಲ್’ ಮಾಡಬಹುದು. ಲೆಕ್ಕಪತ್ರದ ಸಾಫ್ಟ್‌ವೇರಿನಲ್ಲಿ ಎಫ್1 ಬಳಸುವವರಿದ್ದರೆ ಇದನ್ನು ಮಾಡಬೇಡಿ, ಕೀ ಎಲ್ಲ ಪ್ರೋಗ್ರಾಂಗಳಲ್ಲೂ ಸತ್ತುಹೋಗುತ್ತದೆ.

ಉಳಿದದ್ದು ಸ್ಟಾರ್ಟ್ ಮೆನುವಿನ ಹುಡುಕಾಟ. ಕಂಪ್ಯೂಟರಿನೊಳಗಿನ ಕಡತ ಹುಡುಕಿದರೆ ಬಿಂಗ್ ಫಲಿತಾಂಶ ಬಂದು, ಎಂಟರ್ ಒತ್ತಿದೊಡನೆ ಎಡ್ಜ್ ಎದ್ದು ನಿಲ್ಲುತ್ತದೆ. ಇದಕ್ಕೆ ರಿಜಿಸ್ಟ್ರಿಯೇ ಬೇಕು.

ರಿಜಿಸ್ಟ್ರಿ ಕೆಲಸ

ಪಾಲಿಸಿ, ಅಂದರೆ ಕಂಪ್ಯೂಟರಿಗೆ ಹಾಕುವ ನಿಯಮಗಳನ್ನು ಬರೆಯುವ ಗ್ರೂಪ್ ಪಾಲಿಸಿ ಎಡಿಟರ್ ವೃತ್ತಿಪರ ಆವೃತ್ತಿಯಲ್ಲಿದೆ, ಹೋಮ್ ಆವೃತ್ತಿಯಲ್ಲಿ ಇಲ್ಲ, ಆದರೆ ಅದು ಬರೆಯುವುದೂ ರಿಜಿಸ್ಟ್ರಿಗೇ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ರೆಜ್‌ಎಡಿಟ್ ಎಂದು ಟೈಪ್ ಮಾಡಿ ತೆರೆಯಿರಿ. ರಿಜಿಸ್ಟ್ರಿಯಲ್ಲಿ ಕೀ ಎಂದರೆ ಫೋಲ್ಡರಿನಂಥದ್ದು, ಮೌಲ್ಯ ಎಂದರೆ ಅದರೊಳಗಿನ ಒಂದೊಂದು ಸೆಟ್ಟಿಂಗ್, ಡಿವರ್ಡ್ ಎಂದರೆ ಅಂಕಿಯ ರೂಪದ ಮೌಲ್ಯ. ಇಲ್ಲಿ ಕನ್ನಡದಲ್ಲಿ ಕೊಟ್ಟಿರುವ ಕೀ ಮತ್ತು ಮೌಲ್ಯಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಪದಗಳ ನಡುವೆ ಜಾಗ ಬಿಡದೆ ಬರೆಯಬೇಕು. ಕಾಗುಣಿತ ತಪ್ಪಿದರೆ ವಿಂಡೋಸ್ ಎಚ್ಚರಿಸುವುದಿಲ್ಲ, ಸುಮ್ಮನೆ ಆ ಸಾಲನ್ನು ಕಡೆಗಣಿಸುತ್ತದೆ.

ಹುಡುಕಾಟಕ್ಕಾಗಿ ಎಚ್‌ಕೀ ಕರೆಂಟ್ ಯೂಸರ್, ಸಾಫ್ಟ್‌ವೇರ್, ಪಾಲಿಸೀಸ್, ಮೈಕ್ರೋಸಾಫ್ಟ್, ವಿಂಡೋಸ್ ಎಂಬ ದಾರಿಯಲ್ಲಿ ಇಳಿಯಿರಿ. ವಿಂಡೋಸ್ ಒಳಗೆ ಎಕ್ಸ್‌ಪ್ಲೋರರ್ ಎಂಬ ಕೀ ಇಲ್ಲದಿದ್ದರೆ ರೈಟ್ ಕ್ಲಿಕ್, ನ್ಯೂ, ಕೀ ಎಂದು ಮಾಡಿ. ಅದರೊಳಗೆ 32 ಬಿಟ್‌ನ ಡಿವರ್ಡ್ ಮೌಲ್ಯವೊಂದನ್ನು ಸೇರಿಸಿ ‘ಡಿಸೇಬಲ್ ಸರ್ಚ್ ಬಾಕ್ಸ್ ಸಜೆಷನ್ಸ್’ ಎಂದು ಹೆಸರಿಟ್ಟು, ಮೌಲ್ಯ 1 ಕೊಡಿ. ಸೈನ್ ಔಟ್ ಆಗಿ ಮತ್ತೆ ಒಳಬನ್ನಿ. ಇನ್ನು ಮೇಲೆ ಸ್ಟಾರ್ಟ್ ಹುಡುಕಾಟದಲ್ಲಿ ಕಂಪ್ಯೂಟರಿನೊಳಗಿನದ್ದು ಮಾತ್ರ ಬರುತ್ತದೆ.

ಇಲ್ಲಿ ಒಂದು ಕಡೆ ಬಹಳ ಜನ ಎಡವುತ್ತಾರೆ. ಮಕ್ಕಳ ಅಥವಾ ಹಿರಿಯರ ಖಾತೆ ಸ್ಟ್ಯಾಂಡರ್ಡ್ ಬಗೆಯದಾಗಿದ್ದು, ಆ ಖಾತೆಯಲ್ಲಿ ಕೂತು ಅಡ್ಮಿನ್ ಪಾಸ್‌ವರ್ಡ್ ಕೊಟ್ಟು ರೆಜ್‌ಎಡಿಟ್ ತೆರೆದರೆ, ಅಲ್ಲಿ ಕಾಣುವ ಕರೆಂಟ್ ಯೂಸರ್ ಆ ಮಗುವಲ್ಲ, ಅಡ್ಮಿನ್. ಬದಲಾವಣೆ ನಿಮ್ಮ ಖಾತೆಗೆ ಆಗುತ್ತದೆ, ಮಗುವಿನದ್ದು ಹಾಗೆಯೇ ಇರುತ್ತದೆ. ಸರಿಯಾದ ಕ್ರಮ ಹೀಗೆ: ಆ ಖಾತೆಯಲ್ಲಿ ಸಾಮಾನ್ಯ ಕಮಾಂಡ್ ಪ್ರಾಂಪ್ಟ್ ತೆರೆದು, ಹೂಆ್ಯಮ್‌ಐ ಎಂದು ಬರೆದು ಒಂದು ಜಾಗ ಬಿಟ್ಟು ಸ್ಲ್ಯಾಶ್ ಯೂಸರ್ ಎಂದು ಕೊಡಿ. ಎಸ್-1-5-21 ಎಂದು ಶುರುವಾಗುವ ಉದ್ದನೆಯ ಸಂಖ್ಯೆ ಬರುತ್ತದೆ. ಆಮೇಲೆ ರೆಜ್‌ಎಡಿಟ್ ತೆರೆದು ಎಚ್‌ಕೀ ಯೂಸರ್ಸ್ ಅಡಿಯಲ್ಲಿ ಅದೇ ಸಂಖ್ಯೆಯ ಕೀ ಹುಡುಕಿ, ಅದರೊಳಗಿನ ಸಾಫ್ಟ್‌ವೇರ್‌ನಿಂದ ಮುಂದೆ ಇದೇ ದಾರಿಯಲ್ಲಿ ಹೋಗಿ.

ಎಡ್ಜ್‌ನ ಸ್ವಂತ ನಡವಳಿಕೆಗೆ ಕಡಿವಾಣ ಹಾಕುವ ಮೌಲ್ಯಗಳು ಕಂಪ್ಯೂಟರಿನ ಎಲ್ಲ ಖಾತೆಗಳಿಗೂ ಅನ್ವಯಿಸುತ್ತವೆ. ಎಚ್‌ಕೀ ಲೋಕಲ್ ಮಷೀನ್, ಸಾಫ್ಟ್‌ವೇರ್, ಪಾಲಿಸೀಸ್, ಮೈಕ್ರೋಸಾಫ್ಟ್ ಒಳಗೆ ಎಡ್ಜ್ ಎಂಬ ಕೀ ಮಾಡಿ. ಪಾಲಿಸೀಸ್ ಬಿಟ್ಟು ನೇರ ಮೈಕ್ರೋಸಾಫ್ಟ್ ಒಳಗಿನ ಎಡ್ಜ್ ಕೀಯಲ್ಲಿ ಬರೆದರೆ ಏನೂ ಆಗುವುದಿಲ್ಲ. ಅದರೊಳಗೆ ಈ ಡಿವರ್ಡ್‌ಗಳನ್ನು ಸೇರಿಸಿ:

ಸ್ಟಾರ್ಟಪ್ ಬೂಸ್ಟ್ ಎನೇಬಲ್ಡ್: 0. ಲಾಗಿನ್ ಆದೊಡನೆ ಎಡ್ಜ್‌ನ ಒಂದು ಭಾಗ ಮೊದಲೇ ಎದ್ದು ಕೂರುವುದು ಇದರಿಂದ ನಿಲ್ಲುತ್ತದೆ.
ಬ್ಯಾಕ್‌ಗ್ರೌಂಡ್ ಮೋಡ್ ಎನೇಬಲ್ಡ್: 0. ಕಿಟಕಿ ಮುಚ್ಚಿದ ಮೇಲೂ ಓಡುವುದು ನಿಲ್ಲುತ್ತದೆ.
ಹೈಡ್ ಫಸ್ಟ್ ರನ್ ಎಕ್ಸ್‌ಪೀರಿಯನ್ಸ್: 1. ಮೊದಲ ಸಲ ತೆರೆದಾಗಿನ ಸ್ವಾಗತ ಪುಟಗಳು ಬರುವುದಿಲ್ಲ.
ಆಟೋ ಇಂಪೋರ್ಟ್ ಆ್ಯಟ್ ಫಸ್ಟ್ ರನ್: 4. ಬೇರೆ ಬ್ರೌಸರಿನ ಮಾಹಿತಿಯನ್ನು ತಾನಾಗಿ ಎತ್ತಿಕೊಳ್ಳುವುದಿಲ್ಲ.
ಇಂಪೋರ್ಟ್ ಆನ್ ಈಚ್ ಲಾಂಚ್: 0. ಪ್ರತಿ ಸಲ ತೆರೆದಾಗಲೂ ಹಾಗೆ ಎತ್ತಿಕೊಳ್ಳುವುದು ನಿಲ್ಲುತ್ತದೆ.
ಶೋ ರೆಕಮೆಂಡೇಶನ್ಸ್ ಎನೇಬಲ್ಡ್: 0. ಶಿಫಾರಸು, ಸಲಹೆಗಳ ಕಾಟ ಕಡಿಮೆಯಾಗುತ್ತದೆ.
ಹಬ್ಸ್ ಸೈಡ್‌ಬಾರ್ ಎನೇಬಲ್ಡ್: 0. ಬಲಗಡೆಯ ಪಟ್ಟಿ ಹೋಗುತ್ತದೆ.

ಇಷ್ಟೂ ಬೇಡವೆಂದರೆ ಮೊದಲ ಎರಡನ್ನಾದರೂ ಮಾಡಿ, ಲಾಭದ ಹೆಚ್ಚು ಪಾಲು ಅವುಗಳಲ್ಲೇ ಇದೆ. ಬ್ರೌಸರಿನ ಒಳಗಿನ ‘ಸಿಸ್ಟಮ್ ಆ್ಯಂಡ್ ಪರ್ಫಾರ್ಮೆನ್ಸ್’ ಪುಟದಲ್ಲೂ ಈ ಎರಡಕ್ಕೆ ಸ್ವಿಚ್‌ಗಳಿವೆ, ಆದರೆ ಅವು ಯಾರ ಕೈ ತಾಗಿದರೂ ತಿರುಗುವಂಥವು.

ಆಮೇಲೆ ಎಡ್ಜ್ ತೆರೆದು ವಿಳಾಸಪಟ್ಟಿಯಲ್ಲಿ ಎಡ್ಜ್://ಪಾಲಿಸಿ ಎಂದು ಇಂಗ್ಲಿಷಿನಲ್ಲಿ ಕೊಡಿ. ನೀವು ಸೇರಿಸಿದ ಹೆಸರುಗಳು, ಮೌಲ್ಯಗಳು ಅಲ್ಲಿ ಕಾಣಬೇಕು. ‘ಅನ್‌ನೋನ್ ಪಾಲಿಸಿ’ ಎಂದು ತೋರಿಸಿದರೆ ಕಾಗುಣಿತ ತಪ್ಪಿದೆ. ಹೆಸರೇ ಕಾಣದಿದ್ದರೆ ಕೀ ತಪ್ಪು ಜಾಗದಲ್ಲಿದೆ. ಎಡ್ಜ್ ಮೆನುವಿನಲ್ಲಿ ‘ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಎಂಬ ಅರ್ಥದ ಸಾಲು ಕಂಡರೆ ಗಾಬರಿ ಬೇಡ. ರಿಜಿಸ್ಟ್ರಿಯಲ್ಲಿ ಪಾಲಿಸಿ ಇರುವ ಯಾವ ಕಂಪ್ಯೂಟರಿನಲ್ಲೂ ಅದು ಬರುತ್ತದೆ, ಆ ಸಂಸ್ಥೆ ಈಗ ನೀವೇ.

ಮೂಲೆಯಲ್ಲಿ ಏಳುವ ಸುಳ್ಳು ವೈರಸ್ ಎಚ್ಚರಿಕೆ

‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ’ ಎಂದು ಪರದೆಯ ಕೆಳ ಬಲಮೂಲೆಯಲ್ಲಿ ಪದೇಪದೇ ಎಚ್ಚರಿಕೆ ಬಂದರೆ, ಅದು ಸಾಮಾನ್ಯವಾಗಿ ವೈರಸ್ಸೂ ಅಲ್ಲ, ಆಂಟಿವೈರಸ್ಸೂ ಅಲ್ಲ. ಯಾವುದೋ ಪುಟದಲ್ಲಿ ಗೊತ್ತಿಲ್ಲದೆ ‘ಅಲೋ’ ಒತ್ತಿದ್ದರಿಂದ ಆ ಜಾಲತಾಣ ಕಳಿಸುತ್ತಿರುವ ನೋಟಿಫಿಕೇಶನ್. ಎಡ್ಜ್ ಹಿನ್ನೆಲೆಯಲ್ಲಿ ಓಡುತ್ತಿರುವುದರಿಂದ ಬ್ರೌಸರ್ ಮುಚ್ಚಿದ್ದರೂ ಬರುತ್ತದೆ. ಎಚ್ಚರಿಕೆಯ ಮೇಲೆ ಎಡ್ಜ್ ಹೆಸರೂ ಜಾಲತಾಣದ ವಿಳಾಸವೂ ಸಣ್ಣಕ್ಷರದಲ್ಲಿ ಇರುತ್ತವೆ, ನೋಡಿ. ಎಡ್ಜ್ ಸೆಟ್ಟಿಂಗ್ಸ್‌ನ ಸೈಟ್ ಪರ್ಮಿಷನ್ಸ್‌ನಲ್ಲಿ ನೋಟಿಫಿಕೇಶನ್ಸ್ ತೆರೆದು, ‘ಅಲೋ’ ಪಟ್ಟಿಯಲ್ಲಿರುವ ಅಪರಿಚಿತ ವಿಳಾಸಗಳನ್ನೆಲ್ಲ ತೆಗೆಯಿರಿ, ಮುಂದೆ ಕೇಳದಂತೆ ಸ್ವಿಚ್ಚನ್ನೂ ಆಫ್ ಮಾಡಿ. ಆ ಎಚ್ಚರಿಕೆಯಲ್ಲಿ ಬರುವ ಫೋನ್ ನಂಬರಿಗೆ ಕರೆ ಮಾಡಬಾರದು ಎಂದು ಮನೆಯ ಹಿರಿಯರಿಗೆ ಇವತ್ತೇ ಹೇಳಿಡಿ. ಹಣ ಕಳೆದುಕೊಳ್ಳುವುದು ಆ ಕರೆಯಿಂದ.

ಕೇಳದೆ ಮರಳದಂತೆ

ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಆ್ಯಪ್ಸ್‌ನಲ್ಲಿ ಎಡ್ಜ್ ಇದ್ದರೆ ಡಿಸೇಬಲ್ ಮಾಡಿ. ಸೆಟ್ಟಿಂಗ್ಸ್, ಅಕೌಂಟ್ಸ್, ಸೈನ್-ಇನ್ ಆಪ್ಷನ್ಸ್‌ನಲ್ಲಿ, ಸೈನ್ ಇನ್ ಆದಾಗ ಹಿಂದೆ ತೆರೆದಿದ್ದ ಆ್ಯಪ್‌ಗಳನ್ನು ಮತ್ತೆ ತೆರೆಯುವ ಸ್ವಿಚ್ ಆಫ್ ಇರಲಿ. ಸೆಟ್ಟಿಂಗ್ಸ್, ಸಿಸ್ಟಮ್, ನೋಟಿಫಿಕೇಶನ್ಸ್ ಪುಟದ ತಳದಲ್ಲಿ ‘ಅಡಿಷನಲ್ ಸೆಟ್ಟಿಂಗ್ಸ್’ ಇದೆ. ಅಲ್ಲಿನ ಮೂರೂ ಗುರುತುಗಳನ್ನು ತೆಗೆಯಿರಿ. ಅಪ್‌ಡೇಟ್ ಆದಮೇಲೆ ಪೂರ್ತಿ ಪರದೆಯಲ್ಲಿ ಬಂದು ‘ಶಿಫಾರಸು ಮಾಡಿದ ಬ್ರೌಸರ್ ಸೆಟ್ಟಿಂಗ್ ಬಳಸಿ’ ಎಂದು ಕೇಳುವ ಪುಟಗಳಿಗೆ ಮೂಲ ಇದು. ಆದರೂ ಅಂಥ ಪುಟ ಬಂದರೆ, ದೊಡ್ಡ ಬಣ್ಣದ ಬಟನ್ ಒತ್ತುವ ಮೊದಲು ಪೂರ್ತಿ ಓದಿ.

ಇಷ್ಟಾದ ಮೇಲೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಪುಟ ನೋಡಿ. ಎಂಎಸ್‌ಎಡ್ಜ್ ಎಂಬ ಹೆಸರು ಇರಬಾರದು. ಎಂಎಸ್‌ಎಡ್ಜ್‌ವೆಬ್‌ವ್ಯೂ2 ಇದ್ದರೆ ಅದು ಬೇರೆ ಪ್ರೋಗ್ರಾಂಗಳ ಕೆಲಸ, ಅದನ್ನು ಮುಟ್ಟಬೇಡಿ.

ಟಾಸ್ಕ್ ಶೆಡ್ಯೂಲರಿನಲ್ಲಿ ಎಡ್ಜ್ ಅಪ್‌ಡೇಟ್ ಹೆಸರಿನ ಎರಡು ಕೆಲಸಗಳೂ ಸರ್ವೀಸಸ್‌ನಲ್ಲಿ ಅದೇ ಹೆಸರಿನ ಸೇವೆಗಳೂ ಕಾಣುತ್ತವೆ. ಇವನ್ನು ನಿಲ್ಲಿಸುವ ಸಲಹೆ ಅಲ್ಲಲ್ಲಿ ಸಿಗುತ್ತದೆ, ಅದು ಕೆಟ್ಟ ಸಲಹೆ. ವೆಬ್‌ವ್ಯೂ2ಗೆ ಅಪ್‌ಡೇಟ್ ಬರುವುದೂ ಇದೇ ದಾರಿಯಲ್ಲಿ, ಅದು ನಿಂತರೆ ಇಡೀ ಕಂಪ್ಯೂಟರ್ ದುರ್ಬಲವಾಗುತ್ತದೆ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರೂ, ಅದರ 22ಎಚ್2 ಆವೃತ್ತಿಯಲ್ಲಿ ಎಡ್ಜ್ ಮತ್ತು ವೆಬ್‌ವ್ಯೂ2ಗೆ ಕನಿಷ್ಠ 2028ರ ಅಕ್ಟೋಬರ್‌ವರೆಗೆ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಹಳೆಯ ಕಂಪ್ಯೂಟರಿನವರು ಇದನ್ನು ಕೈಯಾರೆ ಕಳೆದುಕೊಳ್ಳಬಾರದು.

ಇನ್ನೂ ಬಿಗಿ ಬೇಕಿದ್ದರೆ

ಎರಡು ದಾರಿಗಳಿವೆ. ನಮ್ಮ ಒಲವು ಫೈರ್‌ವಾಲ್ ಕಡೆಗೆ, ಅಂದರೆ ಯಾವ ಪ್ರೋಗ್ರಾಂ ನೆಟ್‌ವರ್ಕ್ ಬಳಸಬಹುದೆಂದು ಕಾಯುವ ವಿಂಡೋಸ್‌ನ ಭಾಗದ ಕಡೆಗೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಡಬ್ಲ್ಯು, ಎಫ್, ಚುಕ್ಕಿ, ಎಂ, ಎಸ್, ಸಿ ಎಂದು ಟೈಪ್ ಮಾಡಿ. ಔಟ್‌ಬೌಂಡ್ ರೂಲ್ಸ್, ನ್ಯೂ ರೂಲ್, ಪ್ರೋಗ್ರಾಂ ಆರಿಸಿ. ಬ್ರೌಸ್ ಒತ್ತಿ ಸಿ ಡ್ರೈವಿನಲ್ಲಿ ಎಕ್ಸ್86 ಎಂದಿರುವ ಪ್ರೋಗ್ರಾಂ ಫೈಲ್ಸ್, ಮೈಕ್ರೋಸಾಫ್ಟ್, ಎಡ್ಜ್, ಅಪ್ಲಿಕೇಶನ್ ಒಳಗಿನ ಎಂಎಸ್‌ಎಡ್ಜ್ ಕಡತ ಆರಿಸಿ. ‘ಬ್ಲಾಕ್ ದ ಕನೆಕ್ಷನ್’, ಮೂರೂ ಪ್ರೊಫೈಲ್‌ಗಳಿಗೆ ಗುರುತು, ಒಂದು ಹೆಸರು, ಫಿನಿಶ್. ಇನ್ನು ಎಡ್ಜ್ ತೆರೆದರೂ ಯಾವ ಪುಟವೂ ಬರುವುದಿಲ್ಲ, ನೆಟ್‌ವರ್ಕ್ ಆ್ಯಕ್ಸೆಸ್ ಡಿನೈಡ್ ಎಂಬ ದೋಷ ಕಾಣುತ್ತದೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕೆಲಸ ಮಾಡುವವರಿಗೆ ಡೇಟಾ ಉಳಿಯುತ್ತದೆ. ಅಪ್‌ಡೇಟ್ ಮಾಡುವ ಪ್ರೋಗ್ರಾಂ ಬೇರೆ ಕಡತ, ವೆಬ್‌ವ್ಯೂ2 ಬೇರೆ ಫೋಲ್ಡರ್. ಎರಡಕ್ಕೂ ಧಕ್ಕೆಯಿಲ್ಲ. ಕಡತದ ದಾರಿಯಲ್ಲಿ ಆವೃತ್ತಿ ಸಂಖ್ಯೆ ಇಲ್ಲದ್ದರಿಂದ ಅಪ್‌ಡೇಟ್ ನಂತರವೂ ನಿಯಮ ನಿಲ್ಲುತ್ತದೆ. ಹಣ ಕೊಟ್ಟು ಕೊಂಡ ಆಂಟಿವೈರಸ್ ತನ್ನದೇ ಫೈರ್‌ವಾಲ್ ಓಡಿಸುತ್ತಿದ್ದರೆ ಮಾತ್ರ ಈ ನಿಯಮ ನಡೆಯದೆ ಹೋಗಬಹುದು. ಆಗ ಅದರ ಫೈರ್‌ವಾಲಿನಲ್ಲೇ ಇದೇ ನಿಯಮ ಬರೆಯಿರಿ.

ಎರಡನೆಯದು ಎಡ್ಜ್ ತೆರೆಯದಂತೆಯೇ ತಡೆಯುವುದು. ಕರೆಂಟ್ ಯೂಸರ್ ಅಡಿ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್‌ವರ್ಶನ್, ಪಾಲಿಸೀಸ್, ಎಕ್ಸ್‌ಪ್ಲೋರರ್ ಕೀಯಲ್ಲಿ ‘ಡಿಸ್‌ಅಲೋ ರನ್’ ಡಿವರ್ಡ್ 1 ಎಂದು ಮಾಡಿ. ಅದೇ ಹೆಸರಿನ ಒಳಕೀ ಮಾಡಿ, ಅದರೊಳಗೆ 1 ಎಂಬ ಹೆಸರಿನ ಸ್ಟ್ರಿಂಗ್ ಮೌಲ್ಯಕ್ಕೆ ಎಡ್ಜ್‌ನ ಕಡತದ ಹೆಸರನ್ನು ಕೊನೆಯ ಇಎಕ್ಸ್‌ಇ ಸಮೇತ ಕೊಡಿ. ಸ್ಟಾರ್ಟ್, ಡೆಸ್ಕ್‌ಟಾಪ್, ಟಾಸ್ಕ್‌ಬಾರ್‌ಗಳಿಂದ ತೆರೆಯಲು ಹೋದರೆ ನಿರ್ಬಂಧದ ಸಂದೇಶ ಬರುತ್ತದೆ. ಕಮಾಂಡ್ ಪ್ರಾಂಪ್ಟಿನಿಂದ ತೆರೆಯುವವರನ್ನು ಇದು ತಡೆಯದು. ಇದನ್ನು ಮಾಡುವ ಮೊದಲು ಪಿಡಿಎಫ್ ಡೀಫಾಲ್ಟ್ ಬದಲಾಗಿದೆಯೇ ಖಚಿತಪಡಿಸಿಕೊಳ್ಳಿ. ಇಲ್ಲದಿದ್ದರೆ ಪ್ರತಿ ಪಿಡಿಎಫ್‌ಗೂ ಅದೇ ಸಂದೇಶ.

ಮಕ್ಕಳಿಗಾಗಿ ಮೈಕ್ರೋಸಾಫ್ಟ್ ಫ್ಯಾಮಿಲಿ ಸೇಫ್ಟಿ ಬಳಸುವ ಮನೆಗಳಲ್ಲಿ ಈ ಎರಡನ್ನೂ ಮಗುವಿನ ಖಾತೆಗೆ ತಟ್ಟುವಂತೆ ಮಾಡಬೇಡಿ. ಅದರ ಜಾಲತಾಣ ಸೋಸುವಿಕೆ ನಡೆಯುವುದು ಎಡ್ಜ್‌ನಲ್ಲಿ ಮಾತ್ರ, ಅದು ಆನ್ ಇದ್ದಾಗ ಬೇರೆ ಬ್ರೌಸರುಗಳನ್ನು ಅದೇ ತಡೆಯುತ್ತದೆ. ಫೈರ್‌ವಾಲ್ ನಿಯಮ ಎಲ್ಲ ಖಾತೆಗೂ ಅನ್ವಯಿಸುವುದರಿಂದ ಮಗುವಿಗೆ ಯಾವ ಬ್ರೌಸರೂ ಉಳಿಯುವುದಿಲ್ಲ.

ಎಡ್ಜ್‌ನಿಂದ ನಿಜವಾದ ಉಪಯೋಗವೂ ಇದೆ. ಅದರ ‘ರೀಡ್ ಅಲೌಡ್’ ಕನ್ನಡ ಪುಟಗಳನ್ನು ಸಪ್ನಾ, ಗಗನ್ ಎಂಬ ಎರಡು ದನಿಗಳಲ್ಲಿ ಗಟ್ಟಿಯಾಗಿ ಓದುತ್ತದೆ. ಕಣ್ಣು ಮಂದವಾದ ಹಿರಿಯರಿರುವ ಮನೆಯಲ್ಲಿ ಇದೊಂದಕ್ಕಾಗಿಯೇ ಪೂರ್ತಿ ತಡೆ ಹಾಕದೆ ಹಿಂದಿನ ಹಂತಗಳಿಗೆ ನಿಲ್ಲುವುದು ಸರಿ. ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್‌ನಲ್ಲಿ ನಿವೃತ್ತಿಯಾದ ಮೇಲೆ, ಅದಕ್ಕಾಗಿಯೇ ಬರೆದ ಹಳೆಯ ಜಾಲತಾಣಗಳನ್ನು ತೆರೆಯಲೂ ಎಡ್ಜ್‌ನ ಐಇ ಮೋಡ್ ಬೇಕಾಗುತ್ತದೆ. ಅದಕ್ಕೆ ಫೈರ್‌ವಾಲ್ ಪಟ್ಟಿಯಲ್ಲಿ ನಿಮ್ಮ ನಿಯಮದ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸೇಬಲ್ ರೂಲ್’ ಒತ್ತಿ. ಎಡ್ಜ್ ಸೆಟ್ಟಿಂಗ್ಸ್‌ನ ‘ಡೀಫಾಲ್ಟ್ ಬ್ರೌಸರ್’ ಪುಟದಲ್ಲಿ ಐಇ ಮೋಡ್‌ಗೆ ‘ಅಲೋ’ ಕೊಟ್ಟು ಆ ವಿಳಾಸವನ್ನು ಸೇರಿಸಿ. ಸೇರಿಸಿದ ವಿಳಾಸಕ್ಕೆ 30 ದಿನದ ಅವಧಿ, ಆಮೇಲೆ ಮತ್ತೆ ಸೇರಿಸಬೇಕು. ಕೆಲಸ ಮುಗಿದೊಡನೆ ‘ಎನೇಬಲ್ ರೂಲ್’ ಒತ್ತಿ ನಿಯಮವನ್ನು ಮತ್ತೆ ಜಾರಿಗೆ ತನ್ನಿ.